ನೂರು ಮನೆಯ ಒಂದೇ ಉತ್ತರ

ನೆರೆ ಬಂದು ಇಳಿದ ವರ್ಷ, ಹೊಳೆದಂಡೆಯ ಮಠದಲ್ಲಿ ಊರವರಿಗೆ ಗಂಜಿ ಕಾಯಿಸುವ ಕೆಲಸ ಶಿಷ್ಯ ಮರುಳಯ್ಯನ ಪಾಲಿಗೆ ಬಂತು. ಮೂರು ತಿಂಗಳು ಕಾಯಿಸಿದ. ಕೈ ಇಲ್ಲಿ ಕೆಲಸ ಮಾಡುತ್ತಿದ್ದರೂ ಮನಸ್ಸೆಲ್ಲ ಅಕ್ಕನ ಊರಿನಲ್ಲಿತ್ತು. ತಾಯಿಯಿಲ್ಲದ ಅವನನ್ನು ಸಾಕಿದವಳು ಆ ಅಕ್ಕ. ಅವಳ ಮುಖ ನೋಡಿ ಆರು ವರ್ಷವಾಗಿತ್ತು, ಪಾಪ.

ಒಂದು ದಿನ ತಡೆಯಲಾರದೆ ಗುರುಗಳಾದ ಅಜ್ಜಯ್ಯನವರನ್ನು ಕೇಳಿಯೇ ಬಿಟ್ಟ.

"ನಾನು ಅಕ್ಕನ ಊರಿಗೆ ಹೋಗೋದು ಯಾವಾಗ?"

"ಇಲ್ಲಿ ಹಸಿದವರು ಯಾರೂ ಇಲ್ಲ ಅಂತಾದ ದಿನ ಗಂಜಿ ನಿಲ್ಲಿಸಿ ಹೊರಡು. ಇದ್ದಾರೋ ಇಲ್ಲವೋ, ನೀನೇ ನೋಡ್ಕೊಂಡು ಬಾ."

ಮರುಳಯ್ಯ ಬೆಳಗಾಗುತ್ತಲೇ ಹೊರಟ. ಒಂದು ಮನೆಯನ್ನೂ ಬಿಡಲಿಲ್ಲ. ಹೊತ್ತು ನೆತ್ತಿಯಿಂದ ಇಳಿದ ಮೇಲೆ ಬೆವರು ಒರೆಸಿಕೊಳ್ಳುತ್ತ ಬಂದ. ಮುಖ ಅರಳಿತ್ತು.

"ನೂರು ಮನೆ ತಿರುಗಿದೆ, ಅಜ್ಜಯ್ಯ. ಎಲ್ಲರನ್ನೂ ಊಟ ಆಯ್ತಾ ಅಂತ ಕೇಳಿದೆ. ನೂರಕ್ಕೆ ನೂರು ಮಂದಿ ಆಯ್ತು ಅಂದ್ರು. ನಮ್ಮ ಗಂಜಿ ಕೆಲಸ ಮಾಡಿದೆ. ನಾಳೆ ಹೊರಡಲಾ?"

ಅಜ್ಜಯ್ಯ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತದೆ ಕೇಳಿದರು.

"ನಿಂದು ಊಟ ಆಯ್ತೇನಪ್ಪಾ?"

"ಆಯ್ತು, ಅಜ್ಜಯ್ಯ."

"ಎಲ್ಲಿ?"

ಮರುಳಯ್ಯ ತಬ್ಬಿಬ್ಬಾದ. ಬೆಳಗಿನಿಂದ ಅವನ ಬಾಯಿಗೆ ಒಂದು ಗುಟುಕು ನೀರೂ ಬಿದ್ದಿರಲಿಲ್ಲ.

"ಸುಳ್ಳು ಹೇಳಬೇಕು ಅಂತಲ್ಲ. ಕೇಳಿದ ತಕ್ಷಣ ಬಾಯಿಗೆ ಬಂದುಬಿಡ್ತು."

"ಆ ನೂರು ಬಾಯಿಗೂ ಹಂಗೇ ಬಂದಿರಬಹುದಲ್ಲ?"

"ಇರಬಹುದು." ಅವನ ದನಿ ಸಣ್ಣದಾಯಿತು. "ಆದ್ರೆ ಅವರು ಹೇಳಿದ್ದು ನನಗೆ ನಿಜ ಆಗಬೇಕಿತ್ತು. ಅಕ್ಕನ್ನ ನೋಡಬೇಕು ಅನ್ನೋ ಆಸೆ ಅಷ್ಟಿತ್ತು."

"ಉಣ್ಣದೇನೇ ಆಯ್ತು ಅನ್ನೋದನ್ನ ಯಾರಿಂದ ಕಲಿತೆ?"

ಮರುಳಯ್ಯ ಅಲ್ಲೇ ನೆಲದ ಮೇಲೆ ಕುಳಿತ.

"ಅಕ್ಕನಿಂದಲೇ. ಗಡಿಗೆಯಲ್ಲಿದ್ದದ್ದನ್ನೆಲ್ಲ ಬಳಿದು ನನ್ನ ತಟ್ಟೆಗೆ ಹಾಕೋಳು. ನಿಂದಾಯ್ತಾ ಅಕ್ಕಾ ಅಂದ್ರೆ, ನಂದಾಯ್ತು ನೀನುಣ್ಣು ಅನ್ನೋಳು. ನಾನು ನಂಬ್ತಿದ್ದೆ."

ಅಜ್ಜಯ್ಯ ಸೊಪ್ಪು ಪಕ್ಕಕ್ಕಿಟ್ಟರು.

"ಈಗ ಹೆಂಗಿದ್ದಾಳೆ?"

"ಚೆನ್ನಾಗಿದ್ದಾಳಂತೆ. ಉಪ್ಪು ಮಾರೋರ ಕೈಲಿ ವರ್ಷಾ ವರ್ಷಾ ಹೇಳಿ ಕಳಿಸ್ತಾಳೆ, ಹೊಟ್ಟೆ ತುಂಬ ಉಂಡ್ಕೊಂಡು..."

ಮಾತು ಅಲ್ಲಿಗೇ ನಿಂತಿತು. ಅವನು ಗುರುವಿನ ಮುಖ ನೋಡಿದ.

ಅಜ್ಜಯ್ಯ ಎದ್ದು ಅವನ ಮುಂದೆ ಒಂದು ತಟ್ಟೆ ಗಂಜಿ ಇಟ್ಟರು.

"ಇದನ್ನ ಉಂಡು ಈಗಲೇ ಹೊರಡು. ಗಂಜಿ ನಾನು ಕಾಯಿಸ್ತೀನಿ, ಇಲ್ಲಿನ ನೂರು ಒಲೆನೂ ನಾನೇ ಮುಟ್ಟಿ ನೋಡ್ಕೊಂಡು ಬರ್ತೀನಿ. ಅಲ್ಲಿ ಹೋದ ಮೇಲೆ ನೀನು ಅಕ್ಕನ್ನ ಏನೂ ಕೇಳಬೇಡ. ನೆಟ್ಟಗೆ ಅಡುಗೆಮನೆಗೆ ಹೋಗಿ, ಒಲೆಯ ಬೂದಿ ಬೆಚ್ಚಗಿದೆಯಾ ನೋಡು."