ಗೀಜಗನ ಹೊಸ ಗಣಿತ

ದಾರವನ್ನು ಎಳೆಯದೆ, ಬರೀ ನೋಡಿಯೇ, ಅದು ಬಿಚ್ಚದ ಗಂಟೋ ಬಿಚ್ಚಬಹುದಾದ ಸಿಕ್ಕೋ ಎಂದು ಹೇಳುವ ಗಣಿತವನ್ನು ಗೀಜಗ ಕಂಡುಹಿಡಿಯಿತು. ಎಲ್ಲರಿಗೂ ತಿಳಿಯಲೆಂದು ಹಕ್ಕಿಗಳನ್ನು ಜಾಲಿಮರಕ್ಕೆ ಕರೆಯಿತು.

“ಮೊದಲು ವ್ಯಾಖ್ಯೆಗಳು” ಎಂದು ಶುರುಮಾಡಿತು. ಗುಬ್ಬಿಗಳು ಹಾರಿಹೋದವು. “ಇದರಿಂದ ಸುಲಭವಾಗಿ ಸಾಬೀತಾಗುವುದೇನೆಂದರೆ” ಎನ್ನುವಷ್ಟರಲ್ಲಿ ಗಿಳಿ, ಪಾರಿವಾಳಗಳೂ ಎದ್ದವು. ಉಳಿದದ್ದು ಒಂದೇ ಕಾಗೆ.

ಗೀಜಗನ ಕಣ್ಣು ತುಂಬಿಬಂತು. “ನಿಮಗಾದರೂ ಗಣಿತದ ರುಚಿ ಗೊತ್ತಲ್ಲ!”

“ರುಚಿಯೂ ಇಲ್ಲ, ಮಣ್ಣೂ ಇಲ್ಲ. ಗಾಳಿಪಟದ ದಾರ ಕಾಲಿಗೂ ಕೊಂಬೆಗೂ ಸುತ್ತಿಕೊಂಡಿದೆ. ಇಲ್ಲದಿದ್ದರೆ ಎಲ್ಲರಿಗಿಂತ ಮೊದಲು ನಾನೇ ಹಾರುತ್ತಿದ್ದೆ. ಎಳೆದಷ್ಟೂ ಬಿಗಿಯುತ್ತಿದೆ. ಇದು ಬಿಚ್ಚುತ್ತದೋ, ಕಾಲಿನ ಆಸೆ ಬಿಡಬೇಕೋ, ಅಷ್ಟು ಹೇಳಿ.”

ಗೀಜಗ ವ್ಯಾಖ್ಯೆಗಳನ್ನು ಮರೆತು ಬಗ್ಗಿತು. ದಾರ ಎಲ್ಲಿ ಮೇಲೆ ಹಾಯುತ್ತದೆ, ಎಲ್ಲಿ ಕೆಳಗೆ ನುಸುಳುತ್ತದೆ ಎಂದು ಕೊಕ್ಕಿನಿಂದ ತೋರಿಸುತ್ತ ಹೋಯಿತು. “ಎಳೆಯಬೇಡಿ. ಇದು ಗಂಟಲ್ಲ, ಬರೀ ಸಿಕ್ಕು. ಈ ಸುತ್ತನ್ನು ಸಡಿಲಿಸುತ್ತೇನೆ, ಕಾಲನ್ನು ಹಿಂದಕ್ಕೆ ತೆಗೆದುಕೊಳ್ಳಿ.”

ಕಾಲು ಬಂತು. ಎರಡೂ ನಿರಾಳವಾಗಿ ಉಸಿರು ಬಿಟ್ಟವು: ಕಾಲು ಉಳಿಯಿತೆಂದು ಕಾಗೆ, ಗಣಿತ ಒಬ್ಬರಿಗಾದರೂ ತಲುಪಿತೆಂದು ಗೀಜಗ.

“ನೀವು ಕಂಡುಹಿಡಿದದ್ದು ಇದೇನಾ? ಇದನ್ನೇ ಮೊದಲು ಹೇಳುವುದಕ್ಕೇನಾಗಿತ್ತು?” ಎಂದಿತು ಕಾಗೆ. ಸಿಕ್ಕಿದ್ದನ್ನು ತಾನೊಂದೇ ಇಟ್ಟುಕೊಳ್ಳುವ ಅಭ್ಯಾಸ ಕಾಗೆಗಿಲ್ಲ. ಅದು ಕೂಗಿ ಕೂಗಿ ಎಲ್ಲರನ್ನೂ ವಾಪಸು ಕರೆಯಿತು.

ಹಕ್ಕಿಗಳು ಬಂದು ಕೂತವು. ಗೀಜಗ ಗಂಟಲು ಸರಿಮಾಡಿಕೊಂಡಿತು. “ಮೊದಲು...”

ಕಾಗೆ ದುರುಗುಟ್ಟಿ ನೋಡಿತು.

“...ಮೊದಲು ಈ ದಾರ,” ಎಂದಿತು ಗೀಜಗ. “ಯಾರು ಕಾಲು ಕೊಡುತ್ತೀರಿ?”

ಗುಬ್ಬಿಗಳೆಲ್ಲ ಕಾಲು ಚಾಚಿದವು.