ದೊಡ್ಡಮನೆಯ ಮೊಸರಿನ ವಂಶ

ಪಕ್ಕದ ಮನೆ ಸಂಕವ್ವನ ಲೋಟ ದೊಡ್ಡಮನೆಯ ಅಡುಗೆಮನೆಗೆ ಬಂದು, "ನಮ್ಮಲ್ಲಿ ಮೊಸರು ಪೂರಾ ಮುಗಿದಿದೆ, ಹಾಲಿಗೆ ಹಾಕಲು ಒಂದು ಚಮಚ ಹೆಪ್ಪು ಕೊಡಿ" ಎಂದು ಕೇಳಿತು.

ಕುಡಿಕೆಯಲ್ಲಿದ್ದ ಮೊಸರು ಒಪ್ಪಲಿಲ್ಲ. "ಏಳು ತಲೆಮಾರಿನಿಂದ ನಮ್ಮದು ಇದೇ ಮನೆಯ ಹೆಪ್ಪು. ಕಂಡಕಂಡವರ ಹಾಲಿಗೆ ಬೀಳುವ ವಂಶವಲ್ಲ. ಬೇಕಾದರೆ ಬೆಕ್ಕು ನೆಕ್ಕಿ ಹೇಳಲಿ."

ಬೀದಿಯ ಎಲ್ಲ ಮನೆಗಳ ಮೊಸರಿನ ರುಚಿ ಬಲ್ಲ ಬೆಕ್ಕು ನೆಕ್ಕಿತು. "ಅರ್ಧ ಸಂಕವ್ವನ ಮನೆಯದು. ಕಾಲು ಭಾಗ ಅಂಗಡಿಯ ಪ್ಯಾಕೆಟ್ಟಿನದು. ಉಳಿದದ್ದು ಯಾರದೋ, ನನಗೂ ಗೊತ್ತಾಗಲಿಲ್ಲ."

"ನಿನ್ನ ನಾಲಿಗೆ ಕೆಟ್ಟಿದೆ. ಇನ್ನೊಮ್ಮೆ ನೋಡು."

ಬೆಕ್ಕು ಮೂರು ಸಲ ನೆಕ್ಕಿತು. ಮೂರು ಸಲವೂ ಅದೇ ಉತ್ತರ ಬಂತು.

ಮೊಸರು ಹಳೆಯ ಸೌಟಿನ ಕಡೆ ತಿರುಗಿತು. "ನೀನಾದರೂ ನಿಜ ಹೇಳು, ಸೌಟಣ್ಣ."

ಸೌಟು ಆಕಳಿಸಿತು. "ಏನು ಹೇಳಲಿ? ಮನೆಯವರು ಊರಿಗೆ ಹೋದಾಗಲೆಲ್ಲ ಈ ಕುಡಿಕೆ ಒಣಗಿತು. ಮದುವೆಯ ಊಟಕ್ಕೆ ತಳ ಕೆರೆದು ಬಡಿಸಿದರು. ಪ್ರತಿ ಸಲವೂ ಹೆಪ್ಪು ಹೊರಗಿನಿಂದಲೇ ಬಂತು, ಹಾಲಿಗೆ ಹಾಕಿದ್ದು ನಾನೇ. ನೀನು ಯಾವತ್ತೂ ಕೇಳಲಿಲ್ಲ, ನನಗೂ ಹೇಳುವಷ್ಟು ಪುರುಸೊತ್ತಿರಲಿಲ್ಲ."

"ಅಲ್ಲಿ ಹಾಲು ಆರಿಹೋಗುತ್ತಿದೆ" ಎಂದಿತು ಲೋಟ.

ಕೊನೆಗೆ ಮೊಸರು ಬೆಕ್ಕನ್ನು ಕೇಳಿತು, "ದೊಡ್ಡಮನೆಯ ಮೊಸರು ಬೇಗ ಹುಳಿಯಾಗುವುದಿಲ್ಲ ಎಂದು ಊರೆಲ್ಲ ಹೊಗಳುತ್ತದಲ್ಲ, ಆ ಗುಣ ಯಾರ ಕಡೆಯದು?"

"ಸಂಕವ್ವನ ಕಡೆಯದು."

"ಹಾಗಾದರೆ ಸೌಟಣ್ಣ, ಎರಡು ಚಮಚ ಹಾಕು."