ಮುನ್ನೂರು ಗೊರಸಿನ ಬಲ

ಒಂದು ಕಾಡಿನಲ್ಲಿ ಸಂಸಾರ ಹೊರುವುದನ್ನೇ ಕಸುಬು ಮಾಡಿಕೊಂಡಿದ್ದ ಮೂರು ಪ್ರಾಣಿಗಳಿದ್ದವು. ಕಡವೆ ಭರಮಣ್ಣ, ಹೇಸರಗತ್ತೆ ಕೆಂಚಪ್ಪ, ಕಾಡೆಮ್ಮೆ ಚೌಡಕ್ಕ. ಆನೆಯಷ್ಟು ದೊಡ್ಡವರಲ್ಲ, ಜಿಂಕೆಯಷ್ಟು ಚುರುಕಿನವರೂ ಅಲ್ಲ, ನಡುಗಾತ್ರದವರು. ಗುಡ್ಡದ ಮೇಲಿನ ಮೊಲ, ಅಳಿಲು, ಮುಂಗುಸಿಗಳ ಸಂಸಾರಗಳನ್ನು ಬೆಳಗ್ಗೆ ಬೆನ್ನ ಮೇಲೆ ಕೂರಿಸಿಕೊಂಡು ಕೆಳಗಿನ ಹುಲ್ಲುಗಾವಲಿಗೆ ಬಿಡುತ್ತಿದ್ದರು, ಸಂಜೆ ವಾಪಸು ಕರೆತರುತ್ತಿದ್ದರು. ದಾರಿಯಲ್ಲಿ ಚಿರತೆಯ ಕಾಟವಿತ್ತು. ಸಣ್ಣ ಪ್ರಾಣಿಗಳು ತಾವಾಗಿ ನಡೆದು ಹೋಗುವ ಹಾಗಿರಲಿಲ್ಲ. ಗೊರಸಿನ ದೊಡ್ಡ ಪ್ರಾಣಿಗಳ ತಂಟೆಗೆ ಮಾತ್ರ ಚಿರತೆ ಬರುತ್ತಿರಲಿಲ್ಲ. ಹೊತ್ತಿದ್ದಕ್ಕೆ ಕೂಲಿಯಾಗಿ ಸಣ್ಣ ಪ್ರಾಣಿಗಳು ಗೆಡ್ಡೆಗೆಣಸು ಅಗೆದು ಕೊಡುತ್ತಿದ್ದವು.

ಮೂವರಲ್ಲಿ ಭರಮಣ್ಣನಿಗೆ ಒಳ್ಳೆಯ ಹೆಸರಿತ್ತು. ಅವನ ಬೆನ್ನ ಮೇಲೆ ಆಳವಾದ ಬೆತ್ತದ ಬುಟ್ಟಿ, ಅದು ಜಾರದ ಹಾಗೆ ಹೊಟ್ಟೆಗೆ ಸುತ್ತಿದ ನಾರಿನ ಪಟ್ಟಿ. ಮೊಲ ಸಣ್ಣಕ್ಕ ತನ್ನ ನಾಲ್ಕು ಮರಿಗಳನ್ನು ಅವನೊಬ್ಬನ ಜೊತೆ ಮಾತ್ರ ಕಳಿಸುತ್ತಿದ್ದಳು. ಕಿರಿಯ ಮರಿ ಚುಕ್ಕಿ ಬುಟ್ಟಿ ಹತ್ತಿದ ಕೂಡಲೇ ನಿದ್ದೆ ಹೋಗುತ್ತಿತ್ತು. ಹುಲ್ಲುಗಾವಲು ಬಂದರೂ ಎಚ್ಚರವಾಗುತ್ತಿರಲಿಲ್ಲ. ಭರಮಣ್ಣನಿಗೆ ಅದೇ ಒಂದು ಹೆಮ್ಮೆ.

ಹೀಗಿರುವಾಗ ಆ ಕಾಡಿಗೆ ನರಿರಾಯ ಬಂದ. ಕೆಲಸಗಳ್ಳ, ಬಾಯಿ ಮಾತ್ರ ದೊಡ್ಡದು. ಆಲದ ಮರದ ಕೆಳಗೆ ಕೂತು ಒಂದು ಆಟ ಹೂಡಿದ. ಆಲದ ಮರದಿಂದ ಎದುರಿನ ಹುತ್ತದವರೆಗೆ ಓಡಬೇಕು. ಓಟ ಶುರುವಾದ ಗಳಿಗೆಯಿಂದ ಮರಕುಟುಕ ಕೊಂಬೆಯನ್ನು ಕುಟುಕುತ್ತದೆ. ಎಷ್ಟು ಕಡಿಮೆ ಕುಟುಕಿಗೆ ಹುತ್ತ ಮುಟ್ಟುತ್ತಾರೋ ಅವರಿಗೆ ಅಷ್ಟು ಹೆಚ್ಚು ಬಲ. ಆ ಬಲದ ಅಂಕಿಯನ್ನು ನರಿರಾಯ ಕೆಮ್ಮಣ್ಣಿನಲ್ಲಿ ಅವರ ತೊಡೆಯ ಮೇಲೆ ಬರೆಯುತ್ತಾನೆ.

ಮೊದಲು ಓಡಿದವನು ಕೆಂಚಪ್ಪ. ಇಪ್ಪತ್ತು ಕುಟುಕಿಗೆ ಹುತ್ತ ಮುಟ್ಟಿದ.

"ಭಲೇ!" ಎಂದು ನರಿರಾಯ ಕೂಗಿದ. "ನೋಡ್ರಪ್ಪಾ, ಇವನಿಗಿರೋದು ನಾಲ್ಕೇ ಗೊರಸು. ಆದ್ರೆ ನೂರು ಗೊರಸಿನ ಬಲ ಇದೆ!"

ಕೆಂಚಪ್ಪನ ತೊಡೆಯ ಮೇಲೆ 'ನೂರು' ಎಂಬ ಅಂಕಿ ಕೆಂಪಗೆ ಮೂಡಿತು. ಅದನ್ನು ಬರೆದಿದ್ದಕ್ಕೆ ನರಿರಾಯನಿಗೆ ಒಂದು ಜೇನುಗೂಡು ಸಿಕ್ಕಿತು. ಮರುದಿನ ಅಳಿಲಿನ ಸಂಸಾರ ಚೌಡಕ್ಕನನ್ನು ಬಿಟ್ಟು ಕೆಂಚಪ್ಪನ ಬೆನ್ನೇರಿತು. ಚೌಡಕ್ಕ ಸುಮ್ಮನಿರುತ್ತಾಳೆಯೇ? ಅವಳೂ ಓಡಿ ನೂರಾ ಇಪ್ಪತ್ತು ಬರೆಸಿಕೊಂಡಳು. ಕೆಂಚಪ್ಪ ನೂರೈವತ್ತು ಮಾಡಿಕೊಂಡ.

ಬಲ ಹೆಚ್ಚಿಸುವ ಉಪಾಯಗಳೂ ನರಿರಾಯನ ಹತ್ತಿರವೇ ಇದ್ದವು. ಅಗಿದರೆ ಮೈಯೆಲ್ಲ ಬೆಂಕಿಯಾಗುವ ಒಂದು ಖಾರದ ಬೇರು ಕೊಟ್ಟ. ಭಾರ ಕಡಿಮೆಯಾಗಲಿ ಎಂದು ಬೆತ್ತದ ಬುಟ್ಟಿ ತೆಗೆಸಿ ಬಳ್ಳಿಯ ತೆಳು ಜೋಳಿಗೆ ಹಾಕಿಸಿದ. ಉಸಿರಾಟಕ್ಕೆ ಅಡ್ಡಿ ಎಂದು ಹೊಟ್ಟೆಪಟ್ಟಿ ಬಿಚ್ಚಿಸಿದ. ಕೊನೆಗೆ ಗೊರಸುಗಳನ್ನು ಬಂಡೆಗೆ ತಿಕ್ಕಿಸಿ ನುಣ್ಣಗೆ, ತೆಳ್ಳಗೆ ಮಾಡಿಸಿದ. ಕಾಲು ಹಗುರವಾಯಿತು, ಓಟ ಹೆಚ್ಚಿತು. ಒಂದೊಂದು ಉಪಾಯಕ್ಕೂ ಒಂದೊಂದು ಜೇನುಗೂಡು.

ಇದೆಲ್ಲ ಮುಗಿದ ಮೇಲೂ ಬೆಳಗಿನ ದಾರಿ ಹೇಗಿತ್ತೋ ಹಾಗೇ ಇತ್ತು. ಬಿದಿರುಮೆಳೆಯ ತಿರುವಿನಲ್ಲಿ ದಾರಿ ಕಿರಿದು, ಒಂದು ಪಕ್ಕ ಕಲ್ಲಿನ ಕೊರಕಲು. ಮುಂದೆ ಆನೆಗಳ ಹಿಂಡು ಬಾಳೆದಿಂಡು ಜಗಿಯುತ್ತ ಹೋಗುತ್ತಿತ್ತು. ನೂರು ಗೊರಸಿನವರೂ ಇನ್ನೂರು ಗೊರಸಿನವರೂ ಆನೆಯ ಬಾಲ ನೋಡಿಕೊಂಡು ಅದೇ ನಿಧಾನದಲ್ಲಿ ಹೋಗಬೇಕು. ಎಲ್ಲರೂ ಒಂದೇ ಹೊತ್ತಿಗೆ ಹುಲ್ಲುಗಾವಲು ಸೇರುತ್ತಿದ್ದರು. ಇಷ್ಟು ಸಣ್ಣ ವಿಷಯ ಯಾರ ತಲೆಗೂ ಹೋಗಲಿಲ್ಲವಲ್ಲ, ಅದಕ್ಕೇ ನನಗೆ ಸಿಟ್ಟು.

ಭರಮಣ್ಣ ಮಾತ್ರ ಬುಟ್ಟಿ ಬಿಚ್ಚಲಿಲ್ಲ, ಹುತ್ತದ ಕಡೆ ಹೋಗಲೂ ಇಲ್ಲ. ಆದರೆ ಒಂದೊಂದೇ ಸಂಸಾರ ಅವನನ್ನು ಬಿಟ್ಟು ಹೋಯಿತು. ಕೊನೆಗೆ ಉಳಿದವಳು ಸಣ್ಣಕ್ಕ ಒಬ್ಬಳೇ. ಅವಳ ಮರಿಗಳೂ ಮುಖ ಸಪ್ಪಗೆ ಮಾಡಿಕೊಂಡವು.

"ಮಾವ, ನಿನ್ನ ತೊಡೆ ಮೇಲೆ ಅಂಕಿನೇ ಇಲ್ಲ. ಅಳಿಲು ಮರಿಗಳು ನಮ್ಮನ್ನ ನೋಡಿ ನಗ್ತಾವೆ" ಎಂದಿತು ಹಿರಿಯ ಮರಿ.

ಚುಕ್ಕಿಗೆ ಇದು ಯಾವುದೂ ಕೇಳಿಸಲಿಲ್ಲ. ಅದು ನಿದ್ದೆಯಲ್ಲಿತ್ತು.

ಭರಮಣ್ಣನಿಗೆ ಅವಮಾನವಾಯಿತು. ಅವತ್ತು ಮಧ್ಯಾಹ್ನ ಅವನೂ ಆಲದ ಮರದ ಕೆಳಗೆ ಹೋಗಿ ನಿಂತ.

"ಬಾಪ್ಪಾ ಭರಮಣ್ಣ! ಈಗಲಾದ್ರೂ ಬುದ್ಧಿ ಬಂತಲ್ಲ" ಎಂದ ನರಿರಾಯ. ಬೇರು ತಿನ್ನಿಸಿದ. ಬುಟ್ಟಿ ಇಳಿಸಿದ. ಪಟ್ಟಿ ಬಿಚ್ಚಿದ. ಗೊರಸು ತಿಕ್ಕಿಸಿದ. ಭರಮಣ್ಣ ಹತ್ತು ಕುಟುಕಿಗೆ ಹುತ್ತ ಮುಟ್ಟಿದ. ತೊಡೆಯ ಮೇಲೆ ಇನ್ನೂರೈವತ್ತು ಬಿತ್ತು.

ಮರುದಿನ ಬೆಳಗ್ಗೆ ಸಣ್ಣಕ್ಕ ಜೋಳಿಗೆಯನ್ನು ಕೈಯಲ್ಲಿ ಮುಟ್ಟಿ ನೋಡಿದಳು.

"ಪಟ್ಟಿ ಎಲ್ಲಣ್ಣಾ?"

"ಈಗ ಯಾರೂ ಹಾಕಲ್ಲಮ್ಮ. ಹಳೇ ಕಾಲದ್ದು."

"ನೀನು ಹೇಳಿದ ಮೇಲೆ ಸರಿಯಣ್ಣ" ಎಂದು ಅವಳು ನಾಲ್ಕೂ ಮರಿಗಳನ್ನು ಹತ್ತಿಸಿ, ತಾನು ಹಿಂದಿನ ಅಂಚಿನಲ್ಲಿ ಕೂತಳು. ಅವಳು ನಂಬಿದ್ದು ಅಂಕಿಯನ್ನಲ್ಲ, ಅವನನ್ನು.

ಬಿದಿರುಮೆಳೆಗೆ ಸ್ವಲ್ಪ ಮೊದಲು ದಾರಿ ಅಗಲವಾಗಿತ್ತು. ಕೆಂಚಪ್ಪ ಪಕ್ಕಕ್ಕೆ ಬಂದು ಮೂಗು ಅರಳಿಸಿದ. ಅವನ ಬೆನ್ನ ಮೇಲಿದ್ದ ಅಳಿಲು ಮರಿಗಳು ಹೋ ಎಂದವು.

"ಓಡು ಮಾವ, ಓಡು!" ಎಂದು ಮೊಲದ ಮರಿಗಳೂ ಕೂಗಿದವು.

ಭರಮಣ್ಣ ಓಡಿದ. ಇಷ್ಟು ವರ್ಷದಲ್ಲಿ ಆ ದಾರಿಯಲ್ಲಿ ಅವನು ಓಡಿದ್ದು ಅದೇ ಮೊದಲು. ಕೆಂಚಪ್ಪ ಹಿಂದೆ ಬಿದ್ದ. ಭರಮಣ್ಣನಿಗೆ ಎಷ್ಟು ಖುಷಿಯಾಯಿತೆಂದರೆ, ತಿರುವಿನಲ್ಲಿ ಆನೆ ನಿಂತಿರುತ್ತದೆ ಎಂಬುದೇ ಮರೆತುಹೋಯಿತು.

ಆನೆ ನಿಂತಿತ್ತು. ಭರಮಣ್ಣ ನಾಲ್ಕೂ ಕಾಲು ಊರಿದ. ನುಣ್ಣನೆಯ ಗೊರಸು ನೆಲ ಹಿಡಿಯಲಿಲ್ಲ. ಅವನು ಜಾರುತ್ತಾ ಹೋಗಿ ಬಿದಿರಿಗೆ ಗುದ್ದಿಕೊಂಡ. ಬೆನ್ನ ಮೇಲಿನ ಜೋಳಿಗೆ ಹಾರಿ ಕೊರಕಲಿನ ಅಂಚಿಗೆ ಬಿತ್ತು. ಮೂರು ಮರಿಗಳೂ ತಾಯಿಯೂ ಹುಲ್ಲಿನ ಮೇಲೆ ಉರುಳಿದರು. ನಿದ್ದೆಯಲ್ಲಿದ್ದ ಚುಕ್ಕಿ ಕೆಳಗಿನ ಕಲ್ಲಿನ ಮೇಲೆ ಬಿತ್ತು. ಮತ್ತೆ ಏಳಲಿಲ್ಲ.

ಸಣ್ಣಕ್ಕ ಕೊರಕಲಿಗಿಳಿದು ಮರಿಯನ್ನು ಎತ್ತಿಕೊಂಡು ಬಂದಳು. ಭರಮಣ್ಣ ಬಿದಿರಿನ ಹತ್ತಿರವೇ ನಿಂತಿದ್ದ. ಅವಳು ಅಳಲಿಲ್ಲ, ಬೈಯಲೂ ಇಲ್ಲ. ಒಂದೇ ಮಾತು ಕೇಳಿದಳು.

"ಎಷ್ಟು ಕುಟುಕಾಯ್ತು, ಭರಮಣ್ಣ?"

ಉಳಿದ ಮೂರು ಮರಿಗಳನ್ನು ಕರೆದುಕೊಂಡು ಗುಡ್ಡದ ಕಡೆ ನಡೆದಳು.

ಮೂರು ದಿನ ಕಾಡು ಮಂಕಾಗಿತ್ತು. ನಾಲ್ಕನೆಯ ದಿನ ಆಲದ ಮರದ ಕೆಳಗೆ ಮತ್ತೆ ಜನ ಸೇರಿತು.

"ಪಾಪ, ಭರಮಣ್ಣನದು ಬರೀ ಇನ್ನೂರೈವತ್ತು ನೋಡಿ. ಮುನ್ನೂರು ಇದ್ದಿದ್ರೆ ಆನೆ ಬರೋದ್ರೊಳಗೆ ತಿರುವು ದಾಟಿಬಿಡ್ತಿದ್ದ" ಎಂದ ನರಿರಾಯ.

ಎಲ್ಲರೂ ತಲೆಯಾಡಿಸಿದರು. ಹೌದು ಮಕ್ಕಳೇ, ತಲೆಯಾಡಿಸಿದರು. ಅಳಿಲಿನ ಯಜಮಾನ ಅಲ್ಲಿಯೇ ಕೆಂಚಪ್ಪನನ್ನು ಕೇಳಿದ: "ನೀನು ಯಾವಾಗಪ್ಪಾ ಮುನ್ನೂರು ಮಾಡಿಸಿಕೊಳ್ಳೋದು?"

ಆದರೆ ಕೆಂಚಪ್ಪನ ಕಾಲಿನಲ್ಲಿ ಇನ್ನು ಹೆಚ್ಚು ಓಟ ಉಳಿದಿರಲಿಲ್ಲ. ನರಿರಾಯ ಮೆಲ್ಲಗೆ ಮರಕುಟುಕದ ಕಿವಿಯಲ್ಲಿ, "ನೀನು ಸ್ವಲ್ಪ ನಿಧಾನವಾಗಿ ಕುಟುಕು ಮಾರಾಯ" ಎಂದ. ಮರಕುಟುಕ ನಿಧಾನವಾಗಿ ಕುಟುಕಿತು. ಎಂಟೇ ಕುಟುಕು! ಕೆಂಚಪ್ಪನ ತೊಡೆಯ ಮೇಲೆ ಮುನ್ನೂರು ಬಂತು. ಪಕ್ಕದ ಕಾಡಿನವರೂ ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು.

ಕೆಲವು ವಾರಗಳ ಮೇಲೆ ಅವರು ಬಂದಾಗ, ಅವರ ಎದುರು ಮೆರೆಯಬೇಕೆಂದು ನರಿರಾಯ ತಾನೇ ಕೆಂಚಪ್ಪನ ಬೆನ್ನೇರಿ ಕೂತ. "ಹುಲ್ಲುಗಾವಲಿನವರೆಗೂ ಒಂದೇ ಓಟ, ನಡಿ" ಎಂದ. ಕೆಂಚಪ್ಪ ಬೇರು ಅಗಿದು ಓಡಿದ. ಬಿದಿರುಮೆಳೆ ಕಂಡಿತು. ತಿರುವಿನಲ್ಲಿ ಬೂದುಬಣ್ಣದ ದೊಡ್ಡ ಬೆನ್ನು ಕಂಡಿತು.

"ನಿಲ್ಲೋ! ನಿಲ್ಲೋ ಕೆಂಚಾ!"

"ನಿಲ್ಲೋಕೆ ಎಷ್ಟು ಕುಟುಕು ಅಂತ ನೀವು ಯಾವತ್ತೂ ಎಣಿಸಲಿಲ್ಲವಲ್ಲ, ರಾಯರೇ!" ಎಂದು ಕೆಂಚಪ್ಪ ಕಿರುಚಿದ. ಅವನು ಆಡಿದ ಕೊನೆಯ ಮಾತು ಅದು. ಆನೆಯನ್ನು ತಪ್ಪಿಸಲು ಪಕ್ಕಕ್ಕೆ ಹೊರಳಿದವನು ಕೊರಕಲಿಗೆ ಬಿದ್ದು ಸತ್ತ. ನರಿರಾಯ ದಾರಿಯ ಪಕ್ಕದ ಬಂಡೆಗೆ ಬಡಿದು ಸೊಂಟ ಮುರಿದುಕೊಂಡ. ಆನೆಗಳು ತಿರುಗಿಯೂ ನೋಡದೆ ಮುಂದೆ ಹೋದವು.

ಅವತ್ತು ಸಂಜೆ ಹುಲ್ಲುಗಾವಲಿನಿಂದ ಸಂಸಾರಗಳು ಹಿಂದಿರುಗುವ ಹೊತ್ತು. ಗೊರಸಿನ ಸದ್ದು ಕೇಳಿ ನರಿರಾಯ ಕತ್ತೆತ್ತಿದ.

"ಚೌಡಕ್ಕ! ನಿಲ್ಲಮ್ಮ, ನನ್ನ ಎತ್ಕೊಂಡು ಹೋಗು!"

"ನಿಲ್ಲೋಕೆ ಆಗಲ್ಲ ರಾಯರೇ! ಗೊರಸು ಹಿಡಿಯಲ್ಲ!" ಎನ್ನುತ್ತಾ ಚೌಡಕ್ಕ ಅವನನ್ನು ದಾಟಿ ಹೋಗಿಬಿಟ್ಟಳು. ಅವಳಿಗೆ ನರಿರಾಯನ ಮೇಲೆ ದ್ವೇಷವೇನೂ ಇರಲಿಲ್ಲ. ನಿಲ್ಲಬೇಕೆಂದೇ ಇತ್ತು. ಅವಳ ಕಣ್ಣಿನಲ್ಲಿ ಹೆದರಿಕೆ ತುಂಬಿತ್ತು.

ಆಮೇಲೆ ಸಣ್ಣಕ್ಕ ಬಂದಳು. ಚುಕ್ಕಿ ಸತ್ತ ದಿನದಿಂದ ಅವಳು ಯಾರ ಬೆನ್ನನ್ನೂ ಹತ್ತಿರಲಿಲ್ಲ. ಮೂರು ಮರಿಗಳನ್ನು ನಡೆಸಿಕೊಂಡು ಹೋಗಿ ಬರುತ್ತಿದ್ದಳು. ಚಿರತೆ ಹತ್ತಿರ ಬರದಿರಲಿ ಎಂದು ಭರಮಣ್ಣ ದಿನವೂ ಇಪ್ಪತ್ತು ಹೆಜ್ಜೆ ಹಿಂದೆ ನಡೆದು ಬರುತ್ತಿದ್ದ. ಅವಳು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಬರಬೇಡ ಎಂದೂ ಹೇಳಿರಲಿಲ್ಲ.

ಸಣ್ಣಕ್ಕ ನರಿರಾಯನನ್ನು ನೋಡಿದಳು. ಮರಿಗಳನ್ನು ಆಚೆ ಪಕ್ಕಕ್ಕೆ ಕರೆದುಕೊಂಡು ಮುಂದೆ ನಡೆದಳು.

ಭರಮಣ್ಣ ಬಂದವನು ನಿಂತ. ಖಾರದ ಬೇರು ತಿನ್ನುವುದನ್ನು ಬಿಟ್ಟಿದ್ದ, ಗೊರಸು ಸ್ವಲ್ಪ ಬೆಳೆದಿತ್ತು. ಅವನಿಗೆ ನಿಲ್ಲಲು ಬರುತ್ತಿತ್ತು.

"ಭರಮಣ್ಣ, ನಿನ್ನ ಕಾಲಿಗೆ ಬೀಳ್ತೀನಿ, ನನ್ನ ಹೊತ್ಕೊಳ್ಳಪ್ಪಾ. ಕತ್ತಲಾದ್ರೆ ಚಿರತೆ ಬರುತ್ತೆ" ಎಂದ ನರಿರಾಯ.

ಭರಮಣ್ಣನ ತೊಡೆಯ ಮೇಲೆ ಇನ್ನೂರೈವತ್ತು ಇನ್ನೂ ಮಾಸಿರಲಿಲ್ಲ. ಅದನ್ನು ಅವನು ತೊಳೆದುಕೊಂಡಿರಲಿಲ್ಲ.

"ನಾನು ಈಗ ಯಾರನ್ನೂ ಹೊರಲ್ಲ" ಎಂದ. ಮುಂದೆ ಮೂರು ಮರಿಗಳು ನಡೆಯುತ್ತಿದ್ದವು. ಅವನು ಆನೆಗಿಂತಲೂ ನಿಧಾನವಾಗಿ ಅವುಗಳ ಹಿಂದೆ ನಡೆದ. ಗುಡ್ಡದ ಮೇಲೆ ಚಿರತೆ ಒಮ್ಮೆ ಗುರ್ ಎಂದು, ದಾರಿಯ ಕಡೆ ಇಳಿಯತೊಡಗಿತು.

ನೀತಿ: ಸಂಸಾರವನ್ನು ಹೊತ್ತವರು ಓಡುವ ಬಲಕ್ಕಿಂತ ಮೊದಲು ನಿಲ್ಲುವ ಬಲವನ್ನು ಸಂಪಾದಿಸಬೇಕು; ಬೇರೆಯವರ ಹೊಗಳಿಕೆಗಾಗಿ ಓಡಿದರೆ ಅದರ ಬೆಲೆಯನ್ನು ನಮ್ಮನ್ನು ನಂಬಿ ಕೂತವರು ತೆರಬೇಕಾಗುತ್ತದೆ.